ಪೀಲಿಂಗ್ ಮೇಜಿನ ನಡುವಿನ ಜಾಗ

ಮ್ಯಾನೇಜರರ ಕೋಣೆಯಿಂದ ತನಗೆಂದು ಚಾ ಬಂದದ್ದನ್ನು ನೋಡಿಯೇ ಗಂಗಿಗೆ ಅನುಮಾನ ಹುಟ್ಟಿತು. ಕುಮಟಾದಿಂದ ಹೊನ್ನಾವರದ ಕಡೆ ಹೋಗುವ ಹೆದ್ದಾರಿಯ ಪಕ್ಕದ ಆ ಗೇರುಬೀಜದ ಫ್ಯಾಕ್ಟರಿಯಲ್ಲಿ ಇಷ್ಟು ವರ್ಷ ಕೆಲಸ ಮಾಡಿದ್ದಳು. ಆ ಕೋಣೆಯಿಂದ ಬೈಗುಳ ಬಂದದ್ದುಂಟು, ಹಬ್ಬದ ರಜೆಯ ಸುದ್ದಿ ಬಂದದ್ದುಂಟು. ಚಾ ಎಂದೂ ಬಂದಿರಲಿಲ್ಲ. ಅದೂ ಬಿಸ್ಕೀಟಿನ ಜೊತೆ.

ಚಾದ ಬೆನ್ನಿಗೇ ಮ್ಯಾನೇಜರ್ ದಿವಾಕರ ನಾಯ್ಕರು ಬಂದರು. ಅವರ ಹಿಂದೆ ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಹುಡುಗಿ ಇದ್ದಳು.

“ಗಂಗಿ, ಇವಳು ವಿನುತಾ. ಭಟ್ಕಳದ ಕಡೆಯವಳು, ಕಾಲೇಜಿಗೆ ಹೋಗ್ತಾಳೆ. ಸೂಪರ್‌ವೈಸರ್ ಆದವರು ಕೆಲಸದವರನ್ನ ಹ್ಯಾಂಗೆ ನಡೆಸ್ತಾರೆ, ಹ್ಯಾಂಗೆ ಹುರುಪು ತುಂಬ್ತಾರೆ ಅಂತ ಕೇಳ್ಕಂಡು ಹೋಗಿ ಬರೀಬೇಕಂತೆ. ನೀನೇ ಹೇಳು. ಚಂದ ಮಾಡಿ ಹೇಳು.”

ಅಷ್ಟು ಹೇಳಿ ಅವರು ಹೊರಟುಹೋದರು. ಅವರು ಹೋದ ಕಡೆ ನೋಡುತ್ತಿದ್ದ ಗಂಗಿಯ ಕಣ್ಣು ಮೆಟ್ಟಿಲ ಕೆಳಗೆ ಪೇರಿಸಿಟ್ಟ ರಟ್ಟಿನ ಪೆಟ್ಟಿಗೆಗಳ ಮೇಲೆ ಬಿತ್ತು. ಹಿಂದಿನ ವಾರ ಬಂದಿಳಿದ ಸಣ್ಣ ತಕ್ಕಡಿಗಳು ಅವು, ಇನ್ನೂ ಬಿಚ್ಚಿರಲಿಲ್ಲ. ಇಲ್ಲಿಯವರೆಗೆ ಪೀಲಿಂಗ್ ಮೇಜಿನಲ್ಲಿ ಸಿಪ್ಪೆ ತೆಗೆದ ಬೀಜವನ್ನು ಇಡೀ ಮೇಜಿಗೆ ಒಂದೇ ಲೆಕ್ಕದಲ್ಲಿ ತೂಗುತ್ತಿದ್ದರು, ಕೂಲಿಯನ್ನು ಮೇಜಿನವರೆಲ್ಲ ಸಮವಾಗಿ ಹಂಚಿಕೊಳ್ಳುತ್ತಿದ್ದರು. ಒಬ್ಬೊಬ್ಬರದನ್ನು ಬೇರೆ ಬೇರೆ ತೂಗುವ ಮಾತು ಮಾಲೀಕರ ಬಾಯಲ್ಲಿ ಬೇಸಿಗೆಯಿಂದಲೂ ಇತ್ತು. ಮೊದಲು ತಕ್ಕಡಿ ಬಂತು. ಈಗ ಪ್ರಶ್ನೆ ಕೇಳುವವಳು ಬಂದಳು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದಾಗ ಗಂಗಿಗೆ ಕಂಡದ್ದು ಒಂದೇ ಮುಖ, ಸಣ್ಣಿಯದು.

ಸಣ್ಣಿ ಗಂಗಿಯ ಊರಾದ ಕಾಗಾಲದವಳೇ. ಗಂಗಿ ಮದುವೆಯಾದ ಹೊಸದರಲ್ಲಿ ಫ್ಯಾಕ್ಟರಿಗೆ ಬಂದಾಗ, ತಿರುಳು ಒಡೆಯದಂತೆ ಹೆಬ್ಬೆರಳಲ್ಲಿ ತಿಕ್ಕಿ ಸಿಪ್ಪೆ ಬಿಡಿಸುವುದನ್ನು ಕಲಿಸಿದವಳು ಸಣ್ಣಿ. ಈಗ ಅವಳ ಎರಡೂ ಕಣ್ಣಿಗೆ ಮಬ್ಬು ಕವಿದಿದೆ. ಬೆರಳು ಚುರುಕಾಗಿಯೇ ಇದೆ, ಆದರೆ ತಿರುಳಿನ ಸಂದಿಯಲ್ಲಿ ಉಳಿದ ಕೆಂಪು ಎಳೆ ಅವಳಿಗೆ ಕಾಣುವುದಿಲ್ಲ. ಇದು ಮೇಜಿನವರಿಗೆಲ್ಲ ಗೊತ್ತು, ಕೋಣೆಯವರಿಗೆ ಗೊತ್ತಿಲ್ಲ. ಒಬ್ಬೊಬ್ಬರದನ್ನೇ ತೂಗಿ ನೋಡಿದರೆ ಮೊದಲ ದಿನವೇ ಗೊತ್ತಾಗುತ್ತದೆ, ಎರಡನೆಯ ದಿನ ಸಣ್ಣಿ ಮನೆಯಲ್ಲಿರುತ್ತಾಳೆ.

ವಿನುತಾ ಮೊಬೈಲನ್ನು ಇಬ್ಬರ ನಡುವೆ ಇಟ್ಟಳು. “ಅಕ್ಕ, ಇದರಲ್ಲಿ ನಿಮ್ಮ ಮಾತು ತುಂಬ್ಕೊಳ್ಳಲಾ? ಬರೆಯೋಕೆ ಅನುಕೂಲ ಆಗ್ತದೆ.”

“ಯಾರ್ ಯಾರ್ ಕೇಳ್ತಾರೆ ಅದ್ನ?”

“ನಾನು ಕೇಳ್ತೇನೆ. ನಮ್ಮ ಮೇಷ್ಟ್ರು ಕೇಳಿದ್ರೂ ಕೇಳಬಹುದು.”

ಹುಡುಗಿ ಇನ್ನೇನೋ ಹೇಳುವುದಿತ್ತು ಎನ್ನುವಂತೆ ತಡೆದಳು, ಹೇಳಲಿಲ್ಲ. ಆ ತಡೆಯನ್ನು ಗಂಗಿ ಗಮನಿಸಿದಳು. ಹುಡುಗಿಯ ಮೂರನೆಯ ಪ್ರಶ್ನೆಗೆ ಅವಳ ಅನುಮಾನ ಗಟ್ಟಿಯಾಯಿತು.

“ಕೆಲಸದಲ್ಲಿ ಹಿಂದೆ ಬೀಳೋರು ಇದ್ರೆ ನೀವು ಎಂತ ಮಾಡ್ತೀರಿ?”

ಇದನ್ನೇ ಕೇಳಬೇಕಿತ್ತು, ಉಳಿದದ್ದೆಲ್ಲ ನೆಪ ಎಂದುಕೊಂಡಳು ಗಂಗಿ. ಮ್ಯಾನೇಜರರಿಗೆ ರುಚಿಸುವ ಉತ್ತರ ಕೊಟ್ಟರೆ ಯಾರೂ ಮುಂದಕ್ಕೆ ಕೆದಕುವುದಿಲ್ಲ ಎಂಬುದು ಅವಳ ಎಣಿಕೆ. ತನಗಿಂತ ಮೊದಲು ಸೂಪರ್‌ವೈಸರ್ ಆಗಿದ್ದ ದೇವರಾಜ ಸೀಟಿ ಊದಿಕೊಂಡು ಹೆಂಗಸರ ಬೆನ್ನ ಹಿಂದೆ ತಿರುಗುತ್ತಿದ್ದ. ಅವಳು ಅವನನ್ನೇ ನೆನೆಸಿಕೊಂಡು, ಅವನ ಬಾಯಿಂದಲೇ ಎಂಬಂತೆ ಮಾತಾಡಿದಳು.

“ನಮ್ಮ ಮೇಜಲ್ಲಿ ಹಿಂದೆ ಬೀಳೋರು ಇಲ್ಲ. ಬಿದ್ರೆ ಒಂದ್ಸಲ ಹೇಳ್ತೇನೆ, ಎರಡ್ನೇ ಸಲ ಬೈತೇನೆ, ಆಮೇಲೆ ಎಬ್ಬಿಸಿ ಮನೆಗೆ ಕಳಿಸ್ತೇನೆ. ಮುಲಾಜು ಇಲ್ಲ. ಮಾತಿಲ್ಲ, ಕತೆಯಿಲ್ಲ, ತಲೆ ಬಗ್ಗಿಸಿ ಕೆಲಸ.”

ವಿನುತಾ ತಲೆಯಾಡಿಸಿದಳು. ನಾಳೆ ಕೆಲಸ ನಡೆಯುವುದನ್ನು ಕೂತು ನೋಡಬಹುದೇ ಎಂದು ಕೇಳಿದಳು. ಬೇಡ ಎನ್ನಲು ಗಂಗಿಗೆ ಕಾರಣ ಸಿಗಲಿಲ್ಲ.

ಸಂಜೆ ಟೆಂಪೋ ಹತ್ತುವಾಗ ಅವಳು ಹೆಂಗಸರಿಗೆಲ್ಲ ತಾಕೀತು ಮಾಡಿದಳು. ನಾಳೆ ಯಾರೂ ಹಾಡಬಾರದು. ಸಣ್ಣಿ ಮೇಜಿಗೆ ಕೂರುವುದು ಬೇಡ, ಮೂಲೆಯಲ್ಲಿ ಮೊರ ಹಿಡಿದು ಸಿಪ್ಪೆ ಕೇರಲಿ.

“ಎಂತಕ್ಕೆ?” ಎಂದಳು ಸಣ್ಣಿ.

“ಸುಮ್ನೆ ಕೇಳು. ಒಂದಿನದ ಮಟ್ಟಿಗೆ.”

ಸಣ್ಣಿಯ ಎಡಕ್ಕೆ ಕೂರುವ ಜಯಶ್ರೀ ನಕ್ಕಳು. “ಗಂಗಕ್ಕಂಗೆ ಚಾ ಕುಡ್ದದ್ದು ತಲೆಗೇರಿದೆ.”

ಮರುದಿನ ಬೆಳಗಿನಿಂದಲೇ ಮಳೆ ಜಡಿಯಿತು. ಗೇರುಬೀಜದ ಸಿಪ್ಪೆಗೂ ಮಳೆಗೂ ಬದ್ಧ ವೈರ. ಒಣಗಿಸುವ ಬೋರ್ಮಾದಿಂದ ಹೊರಬಂದ ತಿರುಳು ಗರಿಗರಿಯಾಗಿರುವಾಗ ತಿಕ್ಕಿದರೆ ಸಿಪ್ಪೆ ತಾನಾಗಿ ಉದುರುತ್ತದೆ. ತಡಮಾಡಿದರೆ ಗಾಳಿಯ ತೇವ ಹೀರಿಕೊಂಡು ಸಿಪ್ಪೆ ಕಚ್ಚಿಕೊಳ್ಳುತ್ತದೆ, ಆಮೇಲೆ ಕೆರೆದರೆ ತಿರುಳೇ ತುಂಡಾಗುತ್ತದೆ. ಇಡೀ ಬೀಜದ ಬೆಲೆ ತುಂಡಿಗಿಲ್ಲ. ಆದ್ದರಿಂದ ಮಳೆಗಾಲದಲ್ಲಿ ಎಲ್ಲರ ಕೈಯೂ ಒಂದೇ ಓಟದಲ್ಲಿ ಓಡಬೇಕು, ಯಾರೊಬ್ಬರ ಮುಂದೆಯೂ ರಾಶಿ ಕೂತಿರಬಾರದು.

ಅಂದು ರಾಶಿ ಕೂತಿತು. ಕೆಲವರು ಬೇಗ ಮುಗಿಸಿ ಬೋರ್ಮಾದ ಕಡೆ ನೋಡುತ್ತ ಕುಳಿತರು. ಕೆಲವರು ಹುಡುಗಿಯ ಮುಂದೆ ತಪ್ಪಾಗಬಾರದೆಂದು ಒಂದೊಂದು ಬೀಜವನ್ನೂ ತಿರುವಿ ತಿರುವಿ ನೋಡಿದರು. ಮಳೆಯ ಸದ್ದು, ಮೂಲೆಯಲ್ಲಿ ಸಣ್ಣಿಯ ಮೊರದ ಸದ್ದು, ಅವೆರಡೇ. ಗಂಗಿ ಮೇಜಿನ ಸುತ್ತ ತಿರುಗಿದಳು, ಒಂದೆರಡು ಸಲ ಗದರಿಸಿಯೂ ನೋಡಿದಳು. ಗದರಿಸಿದ ಕಡೆ ಬೀಜ ಇನ್ನಷ್ಟು ಒಡೆಯಿತು. ಊಟದ ಹೊತ್ತಿಗೆ ತುಂಡಿನ ಬುಟ್ಟಿ ತುಂಬಿ ಬಂದಿತ್ತು.

ವಿನುತಾ ಅವಳ ಪಕ್ಕದಲ್ಲೇ ಬುತ್ತಿ ಬಿಚ್ಚಿದಳು. “ಅಕ್ಕ, ನಿನ್ನೆ ನಾನು ಗೇಟಿನ ಹತ್ರ ಬರುವಾಗ ಒಳಗಿಂದ ಹಾಡು ಕೇಳ್ತಿತ್ತು. ಇವತ್ತು ಎಂತಕ್ಕೆ ಯಾರೂ ಹಾಡ್ತಿಲ್ಲ?”

ಗಂಗಿ ಉತ್ತರಿಸುವ ಮೊದಲೇ ಮೂಲೆಯಿಂದ ಸಣ್ಣಿಯ ದನಿ ಬಂತು. “ಹಾಡೋಳನ್ನ ಮೂಲೆಗೆ ಕೂರ್ಸಿದಾರೆ ಮಗಾ, ಬಾಯಿಗೆ ಬೀಗ ಹಾಕಿ. ನೀ ಬಂದಿದ್ದಕ್ಕೆ.”

ಹುಡುಗಿ ಗಂಗಿಯತ್ತ ನೋಡಿದಳು. ಆ ಹೊತ್ತಿಗೆ ದಿವಾಕರ ನಾಯ್ಕರು ಕೊಡೆ ಮಡಚುತ್ತ ಒಳಗೆ ಬಂದರು. ಮುಖದಲ್ಲಿ ಖುಷಿ ಇತ್ತು.

“ಗಂಗಿ, ನಿನ್ನೆ ನೀ ಹೇಳಿದ್ದು ಕೇಳ್ದೆ. ಭೇಷ್ ಹೇಳಿದ್ದೆ. ಎಬ್ಬಿಸಿ ಕಳಿಸೋಕೆ ನೀನು ತಯಾರಿದ್ದೆ ಅಂದ್ಮೇಲೆ ನಂಗೂ ಧೈರ್ಯ ಬಂತು. ಸೋಮವಾರದಿಂದ ತಕ್ಕಡಿ ಬಿಚ್ಚುವಾ. ಹಿಂದೆ ಬಿದ್ದೋರನ್ನ ನೀನೇ ಕಳ್ಸು, ನಾನು ನಡುವೆ ಬರೂದಿಲ್ಲ.”

ಅವರು ಹೋದಮೇಲೆ ಗಂಗಿ ಬುತ್ತಿಯ ಮುಚ್ಚಳ ಹಾಕಿ ಹುಡುಗಿಯ ಕಡೆ ತಿರುಗಿದಳು.

“ನೀವು ಅವರಿಗೆ ಕೇಳ್ಸಿದ್ರಿ.”

“ಹೌದು ಅಕ್ಕ.” ವಿನುತಾ ತಲೆತಗ್ಗಿಸಲಿಲ್ಲ. “ಒಳಗೆ ಬಿಡಬೇಕಾದ್ರೆ ತಮಗೂ ಅದನ್ನ ಕಳಿಸಬೇಕು ಅಂದಿದ್ರು. ನಿನ್ನೆಯೇ ನಿಮಗೆ ಹೇಳಬೇಕಿತ್ತು. ಹೇಳಿದ್ರೆ ನೀವು ಬಾಯಿ ಬಿಡೂದಿಲ್ಲ ಅನ್ನಿಸ್ತು.”

“ಬಾಯಿ ಬಿಟ್ಟದ್ದೇ ತಪ್ಪಾತು.”

ಅದು ಹುಡುಗಿಗೆ ಹೇಳಿದ ಮಾತಲ್ಲ. ತನ್ನ ಅನುಮಾನ ಸರಿಯಾಗಿಯೇ ಇತ್ತು. ಆದರೆ ಅನುಮಾನ ಪಟ್ಟು ತಾನು ಆಡಿದ ಸುಳ್ಳೇ ಈಗ ಸಣ್ಣಿಯನ್ನು ಮನೆಗೆ ಕಳಿಸುವುದರಲ್ಲಿತ್ತು. ಮ್ಯಾನೇಜರರ ಕೈಗೆ ಕತ್ತಿ ಇರಲಿಲ್ಲ, ತಾನೇ ಮಸೆದು ಕೊಟ್ಟಿದ್ದಳು.

ಆಮೇಲೆ ವಿನುತಾ ಯಾವುದೋ ನೆನಪಾದವಳಂತೆ ಹೇಳಿದಳು. “ನಮ್ಮೂರು ತೆಂಗಿನಗುಂಡಿಯಲ್ಲಿ ದಡಕ್ಕೆ ಬಲೆ ಎಳೆಯುವಾಗ ನಮ್ಮಜ್ಜನ ಕೈಯಲ್ಲಿ ಎಳೆಯೋಕೆ ಆಗ್ತಿರಲಿಲ್ಲ. ಅಪ್ಪ ಅವನನ್ನ ಹಗ್ಗದ ತುದಿಗೆ ನಿಲ್ಲಿಸ್ತಿದ್ದ, ಎಳೆದ ಹಗ್ಗ ಸುತ್ತೋಕೆ. ಪಾಲು ಮಾತ್ರ ಎಲ್ಲರಷ್ಟೇ.”

ಗಂಗಿ ಅವಳನ್ನು ಮೊದಲ ಸಲ ಸರಿಯಾಗಿ ನೋಡಿದಳು. “ತುದೀಗೆ? ನಮ್ಮಲ್ಲಿ ನಡುವಿಗೆ.”

“ಅಂದ್ರೆ?”

“ನೆಟ್ಟಿ ಸಾಲಲ್ಲಿ.” ಬೇಡವೆಂದುಕೊಂಡರೂ ಮಾತು ಹೊರಟಿತು. “ಗದ್ದೇಲಿ ಸಸಿ ನೆಡುವಾಗ ಸಾವಕಾಶ ನೆಡೋಳನ್ನ ತುದೀಗೆ ಬಿಟ್ರೆ ಸಾಲು ಸೊಟ್ಟ ಆಗ್ತದೆ, ಅವಳೊಬ್ಳೇ ಹಿಂದೆ ಉಳೀತಾಳೆ. ಅದಕ್ಕೆ ಅಂಥೋರನ್ನ ನಮ್ಮಪ್ಪ ಹಮ್ಮ ಗೌಡ ಇಬ್ರು ಗಟ್ಟಿಗರ ನಡುವೆ ನಿಲ್ಲಿಸ್ತಿದ್ದ. ಅವಳ ಪಾಲಿನ ಒಂದು ಸಸಿ ಎಡಕ್ಕಿನೋಳು ನೆಡ್ತಾಳೆ, ಒಂದು ಸಸಿ ಬಲಕ್ಕಿನೋಳು. ಸಾಲು ನೇರ ಹೋಗ್ತದೆ. ಹಾಡೋಳು ಹಾಡಿದಷ್ಟೇ ಓಟ. ಇವತ್ತು ನನ್ನ ಗದ್ದೇಲಿ ನೀನು, ನಾಳೆ ನಿನ್ನ ಗದ್ದೇಲಿ ನಾನು. ಅದಕ್ಕೆ ಮುರಿಯಾಳು ಅಂತೇವೆ, ಯಾರು ಎಷ್ಟು ಸಸಿ ನೆಟ್ಟರು ಅಂತ ಅದ್ರಲ್ಲಿ ಎಣಿಸೂದಿಲ್ಲ.”

ವಿನುತಾ ಮೇಜನ್ನೂ ಮೂಲೆಯನ್ನೂ ನೋಡಿದಳು. ನಡುವೆ ಖಾಲಿ ಉಳಿದಿದ್ದ ಜಾಗ ಅವಳಿಗೂ ಕಂಡಿತು. ಏನೂ ಕೇಳಲಿಲ್ಲ. ಅವಳು ಕೇಳಿದ್ದರೆ ಗಂಗಿ ಬಹುಶಃ ಮತ್ತೆ ಸುಳ್ಳು ಹೇಳುತ್ತಿದ್ದಳು.

“ಮೊಬೈಲು ತಗೊಂಡು ಬಾ ನನ್ನ ಸಂಗಡ,” ಎಂದಳು ಗಂಗಿ, ಕೈ ತೊಳೆದು. “ನಿನ್ನ ಎದುರೂ ಮ್ಯಾನೇಜರ್ರ ಎದುರೂ ಒಟ್ಟಿಗೇ ಹೇಳ್ತೇನೆ. ಅತ್ಲಾಗೊಂದು ಇತ್ಲಾಗೊಂದು ಬೇಡ.”

ಕೋಣೆಯಲ್ಲಿ ಅವಳು ತುಂಡಿನ ಬುಟ್ಟಿಯನ್ನು ದಿವಾಕರ ನಾಯ್ಕರ ಮುಂದೆ ಇಟ್ಟಳು. ಅವರ ಖುಷಿ ಇಳಿಯಿತು.

“ಇದೆಂತದು? ಒಂದೇ ಹೊತ್ತಿಗೆ ಇಷ್ಟು ತುಂಡಾ?”

“ನಿನ್ನೆ ನಾ ಹೇಳ್ದೆ ಅಲ್ಲ, ಮಾತಿಲ್ಲ, ಕತೆಯಿಲ್ಲ ಅಂತ. ಹಾಂಗೆ ಮಾಡಿ ನೋಡಿದ್ದು ಇದು. ನಿನ್ನೆ ಹೇಳಿದ್ದು ಸುಳ್ಳು ಸರ್. ನಾನು ಇಷ್ಟು ವರ್ಷ ಯಾರನ್ನೂ ಎಬ್ಬಿಸಿ ಕಳ್ಸಲಿಲ್ಲ.” ಉಸಿರು ತೆಗೆದುಕೊಂಡು ಮುಂದುವರಿಸಿದಳು. “ಸಣ್ಣಿಗೆ ಕಣ್ಣು ಸಮ ಕಾಣೂದಿಲ್ಲ. ಅವಳು ತಿಕ್ಕಿ ಕೊಡ್ತಾಳೆ, ಜಯಶ್ರೀ ಎಳೆ ನೋಡಿ ತೆಗೀತಾಳೆ. ಅವಳು ಹಾಡಿದ ಓಟಕ್ಕೆ ಎಲ್ರ ಕೈ ಓಡ್ತದೆ. ಒಬ್ಬೊಬ್ರದ್ದು ತೂಗಿದ್ರೆ ಅವಳದ್ದು ಕಮ್ಮಿ ಬರ್ತದೆ. ಅವಳನ್ನ ತೆಗೆದ್ರೆ ಎಲ್ರದ್ದೂ ಕಮ್ಮಿ ಬರ್ತದೆ.”

ದಿವಾಕರ ನಾಯ್ಕರು ಬುಟ್ಟಿಯಿಂದ ಒಂದು ತುಂಡು ತೆಗೆದು ಬೆಳಕಿಗೆ ಹಿಡಿದರು. ಈಗ ಅನುಮಾನದ ಸರದಿ ಅವರದು.

“ನಿನ್ನೆ ಒಂದು ಹೇಳ್ದೆ. ಇವತ್ತು ಇನ್ನೊಂದು ಹೇಳ್ತಿ. ಮಳೆಗೂ ತುಂಡಾಗ್ತದೆ. ನಾನು ಮಾಲೀಕರಿಗೆ ಎಂತ ಹೇಳ್ಲಿ? ಯಾವುದನ್ನ ನಂಬ್ಲಿ?”

“ಎರಡೂ ನಂಬಬೇಡಿ. ನಾಳೆಯೂ ಮಳೆ ಉಂಟು. ಬಂದು ಕೂತು ನೋಡಿ.”

ಗಂಗಿ ಬಾಗಿಲು ದಾಟಿದಳು. ತಾನು ಅಡಗಿಸಿಟ್ಟದ್ದನ್ನು ತಾನೇ ಬಯಲಿಗಿಟ್ಟಿದ್ದಳು. ನಾಳೆ ಹಾಡು ಕೈಕೊಟ್ಟರೆ ಸಣ್ಣಿಯ ಕೆಲಸ ಹೋಗುವುದು ಖಂಡಿತ. ಹಾಡು ಸಣ್ಣಿಯ ಬಾಯಲ್ಲಿತ್ತು, ಸಣ್ಣಿ ಸಿಟ್ಟಿನಲ್ಲಿದ್ದಳು.

ಸಂಜೆ ಟೆಂಪೋದಲ್ಲಿ ಗಂಗಿ ಅವಳ ಪಕ್ಕಕ್ಕೇ ಕುಳಿತು ನಡೆದದ್ದನ್ನೆಲ್ಲ ಹೇಳಿದಳು. ಸಣ್ಣಿ ಹೊರಗೆ ನೋಡುತ್ತ ಕೇಳಿಸಿಕೊಂಡಳು.

“ನನ್ನ ಕಣ್ಣಿನ ಸುದ್ದಿ ನಂಗೆ ಗೊತ್ತಿಲ್ಲ ಅಂತ ಮಾಡ್ಕಂಡಿದ್ಯಾ? ಜಯಶ್ರೀ ನನ್ನ ಬೀಜ ಎತ್ತಿ ನೋಡೂದು ನಂಗೆ ಕೇಳೂದಿಲ್ವಾ, ಅವಳ ಬಳೆ ಸದ್ದು?” ಎಂದಳು. “ಇದನ್ನ ನಂಗೆ ಮೊದ್ಲು ಹೇಳೂಕೆ ಎಂತ ಆಗಿತ್ತು? ಊರಿಗೆಲ್ಲ ಹೇಳಿ ಕಡೀಗೆ ನಂಗೆ.”

“ತಪ್ಪಾತು.”

“ಮೊರ ಕೊಟ್ಯಲ್ಲೆ ನನ್ನ ಕೈಗೆ. ಮೊರ.”

ಜಯಶ್ರೀ ಹಿಂದಿನ ಸೀಟಿನಿಂದ ಬಗ್ಗಿದಳು. “ಸಣ್ಣತ್ತೆ, ನಿಮ್ಮ ಎಳೆ ತೆಗ್ದು ತೆಗ್ದು ನನ್ನ ಉಗುರು ಸವ್ದಿದೆ. ನಾಳೆ ನೀವು ಹಾಡ್ದೆ ಇದ್ರೆ ಆ ಉಗುರಿಗೆ ನಾ ಎಂತ ಸಮಾಧಾನ ಹೇಳ್ಲಿ?”

ಸಣ್ಣಿ ನಗಲಿಲ್ಲ. ಹಾಡುತ್ತೇನೆಂದೂ ಹೇಳಲಿಲ್ಲ.

ಮರುದಿನ ಅದೇ ಮಳೆ. ದಿವಾಕರ ನಾಯ್ಕರು ಗಂಗಿ ಹೇಳಿದಂತೆ ಬಂದು, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟು ಕುಳಿತರು. ವಿನುತಾ ಬಾಗಿಲ ಬಳಿ ನಿಂತಳು. ಬೋರ್ಮಾದಿಂದ ಬಿಸಿ ತಿರುಳು ಬಂದು ಮೇಜಿನ ಮೇಲೆ ಹರಡಿತು. ಸಣ್ಣಿ ತನ್ನ ನಡುವಿನ ಜಾಗದಲ್ಲಿ ಕುಳಿತು ಎರಡು ಹಿಡಿ ತಿಕ್ಕಿದಳು, ಮೂರು ಹಿಡಿ ತಿಕ್ಕಿದಳು. ಬಾಯಿ ತೆರೆಯಲಿಲ್ಲ. ಗಂಗಿ ಅವಳ ಎದುರಿಗೆ ಹೋಗಿ ನಿಂತಳು. ಆಮೇಲೆ ಮೂಲೆಯಲ್ಲಿದ್ದ ಮೊರವನ್ನು ಎತ್ತಿಕೊಂಡು ತಾನೇ ಸಿಪ್ಪೆ ಕೇರಲು ಕುಳಿತಳು.

ಮೊರದ ಸದ್ದು ಸಣ್ಣಿಗೆ ಕೇಳಿಸಿತು. ಅದು ಯಾರ ಕೈಯಲ್ಲಿದೆ ಎಂದೂ ತಿಳಿಯಿತು. ಕೇರಲು ಬಾರದವರ ಸದ್ದು ಬೇರೆ.

ಆಗ ಅವಳು ಶುರುಮಾಡಿದಳು. ಹಳೆಯ ಹಾಡಿನ ಧಾಟಿ, ಮಾತು ಮಾತ್ರ ಆ ಕ್ಷಣದ್ದು. ಎಳನೀರ ಬೊಂಡ ತಲೆಗಿಟ್ಟ ಗಂಡು ಬಂದ, ತಲೆ ತೆಗೆದು ತೊಡೆ ಮೇಲಿಟ್ಟ ಎಂದು ಹೆಲ್ಮೆಟ್ಟನ್ನು ಹಾಡಿದಳು. ಚಾ ಕುಡಿದ ದೊರೆಸಾನಿ ಮೊರ ಹಿಡಿಯಲು ಬಾರದೆ ಅತ್ತಳು ಎಂದು ಗಂಗಿಯನ್ನು ಹಾಡಿದಳು. ಮೇಜಿನವರು ನಗುತ್ತಲೇ ಪ್ರತಿ ಸಾಲನ್ನೂ ಎತ್ತಿ ಹೇಳಿದರು. ಸಾಲಿಗೊಂದು ಹಿಡಿ ತಿರುಳು ಎಲ್ಲರ ಕೈಯಿಂದಲೂ ಒಟ್ಟಿಗೆ ಮುಂದೆ ಸರಿಯಿತು. ಜಯಶ್ರೀಯ ಬಳೆ ಸದ್ದು ನಡುನಡುವೆ ಕೇಳುತ್ತಿತ್ತು. ರಾಶಿ ಎಲ್ಲೂ ಕೂರಲಿಲ್ಲ.

ಊಟದ ಹೊತ್ತಿಗೆ ದಿವಾಕರ ನಾಯ್ಕರು ತುಂಡಿನ ಬುಟ್ಟಿಯಲ್ಲಿ ಕೈಯಾಡಿಸಿದರು. ಕೈಗೆ ತಳ ತಾಗಿತು. ಒಂದೆರಡು ತುಂಡು ಎತ್ತಿ ನೋಡಿ ಮತ್ತೆ ಹಾಕಿದರು.

“ತಕ್ಕಡಿ ಗ್ರೇಡಿಂಗಿನವರಿಗೆ ಇರ್ಲಿ,” ಎಂದರು ಕೊನೆಗೆ. “ಈ ಮೇಜಿಗೆ ಸದ್ಯ ಬೇಡ. ಮಾಲೀಕರು ಕೇಳಿದ್ರೆ ನಾ ಹೇಳ್ತೆ. ಆದ್ರೆ ಗಂಗಿ, ಇನ್ನು ನನ್ನ ಹತ್ರ ಮುಚ್ಚಿಟ್ರೆ ನೋಡು.”

ಅವರ ‘ಸದ್ಯ’ ಎಂಬ ಮಾತನ್ನು ಗಂಗಿ ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡಳು. ಪೆಟ್ಟಿಗೆಗಳನ್ನು ಅಂದೇ ಬೀಜ ವಿಂಗಡಿಸುವ ಗ್ರೇಡಿಂಗ್ ಕೋಣೆಗೆ ಒಯ್ಯುತ್ತಾರೋ ಇಲ್ಲವೋ ಎಂದು ಸಂಜೆಯವರೆಗೂ ಮೆಟ್ಟಿಲ ಕಡೆ ಒಂದು ಕಣ್ಣು ಇಟ್ಟಿದ್ದಳು. ಒಯ್ದರು.

ಹೊರಡುವಾಗ ವಿನುತಾ ಕೇಳಿದಳು. “ಅಕ್ಕ, ಹುರುಪು ತುಂಬೂದು ಹ್ಯಾಂಗೆ ಅನ್ನೋ ಪ್ರಶ್ನೆಗೆ ಕಡೀಗೆ ಎಂತ ಬರೀಲಿ?”

ಗಂಗಿ ಸೀರೆಗೆ ಅಂಟಿದ ಸಿಪ್ಪೆ ಕೊಡವಿದಳು.

“ಯಾರನ್ನ ಎಲ್ಲಿ ಕೂರಿಸ್ತೇವೆ ಅನ್ನೂದ್ರಲ್ಲಿ ಉಂಟು ಅಂತ ಬರಿ ತಂಗಿ. ಕೂರಿಸೂಕೆ ಮೊದ್ಲು ಅವರ ಹತ್ರಾನೇ ಕೇಳಬೇಕು ಅಂತಲೂ ಬರಿ. ಅದು ನಂಗೆ ನಿನ್ನೆ ಗೊತ್ತಾದದ್ದು.” ಆಮೇಲೆ ಅವಳ ಕೈಯನ್ನೇ ನೋಡಿದಳು. “ಆ ಮೊಬೈಲು ಬಂದ್ ಮಾಡಿದ್ಯಾ?”

“ಮಾಡಿದ್ದೇನೆ ಅಕ್ಕ.”

“ಎಲ್ಲಿ, ತೋರ್ಸು.”