ಓಬಜ್ಜನ ಮೇಲೆ ಹೊರಿಸಿದ ನಿದ್ದೆ

ಓಬಜ್ಜ, ಆ ಮಧ್ಯಾಹ್ನ ನೀನು ನಿದ್ದೆ ಮಾಡಿರಲಿಲ್ಲ. ನಿದ್ದೆ ನಾನು ಕಟ್ಟಿದ ಕಥೆ. ಕಾಲುವೆ ಕಡಿದವನೂ ನಾನೇ.

ಮೂರು ವರ್ಷವಾಯಿತು, ನನಗಾಗ ಹದಿನಾಲ್ಕು. ನಮ್ಮೂರ ಕೆರೆಯ ನೀರಗಂಟಿ ನೀನು — ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಗುದ್ದಲಿ ಹಿಡಿದು ತಿರುಗಿಸುವವನು. ಅಂದು ಕಟ್ಟಕಡೆಯ ಗದ್ದೆಯ ಸಂಜೀವಮ್ಮನ ಸರದಿ. ನೀನು ತೂಬಿನ ಹತ್ತಿರ ಕೂತಿದ್ದೆ. ನಾನು ನಿನ್ನ ಕಣ್ಣಿಗೆ ಬೀಳದಷ್ಟು ಕೆಳಗೆ, ಮೀನು ಹಿಡಿಯಲು ಕಾಲುವೆಯ ಬದು ಕಡಿದು ನೀರನ್ನು ಹಳ್ಳಕ್ಕೆ ಬಿಟ್ಟೆ. ಆನೆಮರಿಯಂಥ ಮೀನು ಸಿಕ್ಕಿತು — ಅಲ್ಲ, ನಾಲ್ಕು ಬೆರಳುದ್ದದ್ದು. ನೋಡು, ಈ ನಾಲಿಗೆ ಈಗಲೂ ಹಿಗ್ಗಿಸುತ್ತದೆ. ಬದು ಮುಚ್ಚದೆ ಮನೆಗೆ ಓಡಿದೆ. ಸಂಜೆ ನೀನು ಬಂದು ಕಟ್ಟುವಷ್ಟರಲ್ಲಿ ಸರದಿ ಮುಗಿದಿತ್ತು. ಮುಂದಿನ ಸರದಿಯ ಹೊತ್ತಿಗೆ ಸಂಜೀವಮ್ಮನ ತೆನೆಯೆಲ್ಲ ಜೊಳ್ಳು.

ಊರ ನ್ಯಾಯ ತೀರಿಸುವ ಮುನಸೀಬರ ಕಟ್ಟೆಯಲ್ಲಿ ವಿಚಾರಣೆ. ಯಾರೋ ಕೇಳಿದರು, "ಏನ್ಲಾ ಸೀನ, ನೀನು ಅತ್ಲಾಗೇ ಇದ್ಯಲ್ಲ, ಏನ್ ಕಂಡೆ?"

"ಓಬಜ್ಜ ಬಾಯಿ ತಕ್ಕಂಡ್ ಮಲಗಿತ್ತು. ಕಪ್ಪೆ ಒಳೀಕೋಗಿ, ಊರೆಲ್ಲಾ ನೋಡ್ಕಂಡ್ ಆಚಿಗ್ ಬಂತು! ಗೊರಕೆ ಮಡಕಶಿರ ಸಂತೆಗಂಟ ಕೇಳ್ತಿತ್ತು!"

ಮುನಸೀಬರೂ ಹೊಟ್ಟೆ ಹಿಡಿದು ನಕ್ಕರು. ಆ ನಗು ನನಗೆ — ಹೇಗೆ ಹೇಳಲಿ — ಬೆಲ್ಲದಂತಿತ್ತು. ನಾನು ಗೌಡರ ಮಗ, ಕಟ್ಟೆಯ ಮೇಲೆ. ನೀನು ಕೆಳಗೆ, ಬಿಸಿಲಲ್ಲಿ. "ಇಲ್ಲ ಸಾಮಿ, ನಾನು..." ಎಂದೆ ನೀನು. ಉಳಿದದ್ದು ನಗೆಯಲ್ಲಿ ಮುಳುಗಿತು.

ನಿಮ್ಮ ತಾತನ ಕಾಲದ ಗುದ್ದಲಿ ಬೇರೆಯವನ ಕೈಗೆ ಹೋಯಿತು. ಸುಗ್ಗಿಯಲ್ಲಿ ಒಬ್ಬೊಬ್ಬರ ಒಕ್ಕಣೆ ಕಣದಲ್ಲೂ ನಿನಗೆ ಸಿಗುತ್ತಿದ್ದ ಒಂದು ಮೊರ ಭತ್ತ ನಿಂತಿತು. ನೀನು ಊರವರ ಕುರಿ ಕಾಯಲು ಹೋದೆ. ನಾನು ಕಪ್ಪೆಯ ಕಥೆ ಹೇಳುತ್ತಲೇ ಇದ್ದೆ — ಪ್ರತಿ ಸಲವೂ ಕಪ್ಪೆ ಇನ್ನಷ್ಟು ದಪ್ಪ.

ಹೋದ ವಾರ ನೀನು ದಾರಿಯಲ್ಲಿ ಕುರಿ ನಿಲ್ಲಿಸಿ ಕೇಳಿದೆ: "ಚಿಕ್ಕಗೌಡ್ರೇ, ಅವತ್ತು ನಾನು ಭಾಳ ಹೊತ್ ಮಲಗಿದ್ನಾ? ಎಷ್ಟ್ ನೆನಸ್ಕಂಡ್ರೂ ಗ್ಯಾನುಕ್ಕೇ ಬರಲ್ಲ. ಪಾಪ, ಆ ಯಮ್ಮನ ಅನ್ನ ಕಳೆದ್ಬಿಟ್ಟೆ."

ನಾನು ಕುರಿಗಳ ನಡುವೆ ನುಸುಳಿ ಮನೆಗೆ ಓಡಿದೆ, ಅಂದಿನಂತೆಯೇ. ನಿನ್ನ ಕೆಲಸ ಕಿತ್ತದ್ದು ಸಾಲದೆ, ನಿನಗೆ ನಿನ್ನ ಮೇಲಿದ್ದ ನಂಬಿಕೆಯನ್ನೂ ನಾನು...

ನಿನಗೆ ಓದು ಬಾರದು. ಬೆಳಿಗ್ಗೆ ನಿನ್ನ ಹಟ್ಟಿಗೆ ಬಂದು ಈ ಕಾಗದವನ್ನು ನಾನೇ ಓದುತ್ತೇನೆ. ಆಮೇಲೆ ಸಂಜೀವಮ್ಮನ ಮನೆ, ಆಮೇಲೆ ಮುನಸೀಬರ ಕಟ್ಟೆ. ನೀನು ಕ್ಷಮಿಸಬೇಕೆಂದು ಕೇಳುವ ಮುಖ ನನಗಿಲ್ಲ. ಒಂದನ್ನು ಮಾತ್ರ ನಂಬು — ನೀನು ಎಚ್ಚರವಾಗಿದ್ದೆ, ಅಜ್ಜ.