ಅಪ್ಪ ಬರೆದ ಕಾಡು

ಅಪ್ಪನ ಅಕ್ಷರ ನೋಡಿದವರು ಇನ್ನೊಂದು ಸಲ ನೋಡುತ್ತಿದ್ದರು. ದುಂಡಗೆ, ಒಂದೇ ಅಳತೆಗೆ, ಗೆರೆ ಇಲ್ಲದ ಹಾಳೆಯಲ್ಲೂ ಸಾಲು ತಪ್ಪದ ಹಾಗೆ ಬರೆಯುತ್ತಿದ್ದರು. ಆ ಅಕ್ಷರಕ್ಕೇ ಅವರಿಗೆ ಕೆಲಸ ಸಿಕ್ಕಿದ್ದು. ನಮ್ಮೂರು ಯಳಂದೂರು ಮೈಸೂರು ಸಂಸ್ಥಾನದ ಕಡೆ. ಪಕ್ಕದ ಕೊಳ್ಳೇಗಾಲ ಪರಂಗಿಯವರ ಮದ್ರಾಸಿಗೆ, ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪರಂಗಿಯವರು ಹೋದ ಕೆಲವು ವರ್ಷಕ್ಕೆ ಭಾಷೆ ನೋಡಿ ರಾಜ್ಯಗಳನ್ನು ಹೊಸದಾಗಿ ವಿಂಗಡಿಸಿದಾಗ ಕೊಳ್ಳೇಗಾಲ ನಮ್ಮ ಕಡೆ ಬಂತು. ಹನೂರು, ಬಂಡಳ್ಳಿ, ಲೊಕ್ಕನಹಳ್ಳಿ, ಬೆಟ್ಟದಂಚಿನ ಊರುಗಳೆಲ್ಲ ಜೊತೆಗೇ ಬಂದವು. ಅವುಗಳ ಹಿಂದೆ ತಮಿಳಿನಲ್ಲಿ ಬರೆದ ಜಮೀನಿನ ಪುಸ್ತಕಗಳೂ ಬಂದವು. ಅವನ್ನು ಕನ್ನಡಕ್ಕೆ ಇಳಿಸಲು ಕೂರಿಸಿದ ಗುಮಾಸ್ತರಲ್ಲಿ ಅಪ್ಪನೂ ಒಬ್ಬರು.

ಅದಕ್ಕಾಗಿ ಅವರು ಆರು ತಿಂಗಳಲ್ಲಿ ತಮಿಳು ಓದಲು ಕಲಿತರಂತೆ. ಒಂದು ನೋಟುಪುಸ್ತಕದಲ್ಲಿ ಎಡಕ್ಕೆ ತಮಿಳು ಮಾತು, ಬಲಕ್ಕೆ ಕನ್ನಡ ಮಾತು ಬರೆದುಕೊಂಡಿದ್ದರು. ನಾನು ಚಿಕ್ಕವನಿದ್ದಾಗ ಅದನ್ನು ಮುಟ್ಟಿದರೆ ಬೆನ್ನಿಗೆ ಬೀಳುತ್ತಿತ್ತು. "ಇನ್ಮೇಲೆ ನಮ್ಮ ರೈತ ತನ್ನ ಹೊಲದ ಕಾಗದಾನ ತಾನೇ ಓದ್ಕೋಬಹುದು ಕಣೋ," ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ಆ ಮಾತು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಆಗ ರೇಡಿಯೋದಲ್ಲಿ ಆಫ್ರಿಕಾದ ಒಂದೊಂದೇ ದೇಶಕ್ಕೆ ಸ್ವಾತಂತ್ರ್ಯ ಬಂದ ಸುದ್ದಿ ಬರುತ್ತಿತ್ತು. ಪ್ರತಿ ಸಲವೂ ಅಪ್ಪ ನನ್ನ ಅಟ್ಲಾಸ್ ತರಿಸಿ, ಆ ದೇಶ ಹುಡುಕಿ, ಪೆನ್ಸಿಲಿನಲ್ಲಿ ಒಂದು ಸರಿ ಗುರುತು ಹಾಕುತ್ತಿದ್ದರು, ನಾನು ಲೆಕ್ಕ ಸರಿ ಮಾಡಿದ್ದೇನೋ ಎಂಬಂತೆ. "ಅಲ್ಲೂ ನನ್ನಂಥ ಒಬ್ಬ ಗುಮಾಸ್ತ ಈಗ ಪುಸ್ತಕ ಬಿಚ್ಚಿ ಕೂತಿರ್ತಾನೆ," ಎನ್ನುತ್ತಿದ್ದರು. ಅಟ್ಲಾಸಿನ ಆ ಪುಟದ ತುಂಬಾ ಸರಿ ಗುರುತುಗಳೇ ಇದ್ದವು. ನಾನು ಅದನ್ನೆಲ್ಲ ನಂಬಿದ್ದೆ. ನಂಬಿಯೇ ಮೇಷ್ಟ್ರಾದೆ.

ಕೆಲಸದ ಕೊನೆಯ ವರ್ಷಗಳನ್ನು ಲೊಕ್ಕನಹಳ್ಳಿ ಕಡೆಯ ಒಂದು ಶಾಲೆಯಲ್ಲಿ ಕಳೆದೆ. ಅಲ್ಲಿ ಬಿಸಿಯೂಟದ ಅಡುಗೆಗೆ ಒಬ್ಬಳು ಹೆಂಗಸು ಬರುತ್ತಿದ್ದಳು. ಗಂಡ ಇಲ್ಲ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಆ ಕಡೆ ಅದು ಮಾಮೂಲು. ಪಾತ್ರೆ ತೊಳೆದಿಟ್ಟು ದಿನಾ ನನ್ನ ಬಾಗಿಲಲ್ಲಿ ನಿಂತು, "ಕಾಡ್ಗ್ ಓಯ್ತೀನಿ ಮೇಸ್ಟ್ರೇ," ಎನ್ನುವಳು. ಸೌದೆಗೆ ಹೋಗುತ್ತಾಳೆ ಎಂದುಕೊಂಡು ಮೊದಮೊದಲು, ಆನೆ ಗೀನೆ ಇದ್ದೀತು, ಜೋಪಾನ ಎಂದು ಬುದ್ಧಿ ಹೇಳುತ್ತಿದ್ದೆ. ಒಂದು ದಿನ ಮಡಿಲ ತುಂಬ ಅವರೆಕಾಯಿ ತಂದು, "ನಮ್ ಕಾಡ್ದು, ತಕಳಿ," ಎಂದಳು. ಕಾಡಿನಲ್ಲಿ ಅವರೆ ಬೆಳೆಯುತ್ತದೇನಮ್ಮ ಎಂದು ಕೇಳಿದ್ದಕ್ಕೆ ಅಡುಗೆಮನೆಯವರೆಲ್ಲ ಸೇರಿ ನನ್ನನ್ನು ಹಾಸ್ಯ ಮಾಡಿದರು. ಆ ಕಡೆಯ ತಮಿಳಿನಲ್ಲಿ ಕಾಡು ಅಂದರೆ ಮಳೆ ನಂಬಿ ಬೆಳೆಯುವ ಹೊಲ. ಆ ತಮಿಳಿನ ಜೊತೆಗೇ ಬೆಳೆದವರು ಕನ್ನಡ ಆಡುವಾಗಲೂ ಹಾಗೇ ಅನ್ನುತ್ತಾರೆ. ಅವಳ ಕಾಡು ಎಂದರೆ ಬೆಟ್ಟದ ಬುಡದಲ್ಲಿ ರಾಗಿ, ಅವರೆ, ಹುರುಳಿ ಬೆಳೆಯುವ ಮೂರು ಎಕರೆ ಕೆಂಪು ನೆಲ.

ನಾನು ನಿವೃತ್ತನಾಗಿ ಕೊಳ್ಳೇಗಾಲದಲ್ಲಿ ಮನೆ ಮಾಡಿದ ಮೇಲೆ ಒಂದು ಬೆಳಿಗ್ಗೆ ಅವಳು ಹುಡುಕಿಕೊಂಡು ಬಂದಳು. ಕೈಯಲ್ಲಿ ಒಂದು ನೋಟೀಸು.

"ನಮ್ ಕಾಡಲ್ಲಿ ಕಲ್ಲು ನೆಟ್ಟವ್ರೆ ಮೇಸ್ಟ್ರೇ, ಸುಣ್ಣ ಬಳ್ದು. ಇದು ಅರಣ್ಯ, ನೀ ಒತ್ತುವರಿ ಮಾಡಿದ್ದೀಯ ಅಂತಾರೆ. ನಮ್ಮತ್ತೆ ಉತ್ತ ನೆಲ ಕಣ್ರಿ. ಅದೂ ಕೈಬಿಟ್ಟ್ ಓದ್ರೆ ನಂಗೇನದೆ?"

ಅವಳಿಗೆ ನಿಜವಾಗಿಯೂ ಬೇರೆ ಏನೂ ಇರಲಿಲ್ಲ. ಹಳೆಯ ಪುಸ್ತಕ ತೆಗೆಸೋಣ, ಅದರಲ್ಲಿ ಎಲ್ಲ ಇರುತ್ತದೆ, ನಮ್ಮಪ್ಪ ಅದೇ ಕೆಲಸದಲ್ಲಿದ್ದವರು ಎಂದು ನಾನೇ ಧೈರ್ಯ ಕೊಟ್ಟೆ. ಜಂಬದಿಂದಲೇ ಹೇಳಿದೆ.

ಯಾವ ಕಚೇರಿ ಎಂದು ಹೇಳುವುದಿಲ್ಲ, ಎಲ್ಲವೂ ಒಂದೇ. ಹಲವು ತಿಂಗಳು ಅಲೆದ ಮೇಲೆ ಮೂರು ಹಾಳೆಗಳ ನಕಲು ಸಿಕ್ಕಿತು. ಮೊದಲನೆಯದು ಪರಂಗಿಯವರ ಕಾಲದ್ದು, ತಮಿಳಿನದು. ಅವಳ ಗಂಡನ ಅಜ್ಜನ ಹೆಸರಿನ ಮುಂದೆ 'ಮೇಟ್ಟುಕ್ಕಾಡು' ಎಂದಿತ್ತು, ಅಂದರೆ ಎತ್ತರದ ಹೊಲ. ಮೂರನೆಯದು ಈಗಿನ ಕಂಪ್ಯೂಟರಿನದು. ಅದರಲ್ಲಿ 'ಅರಣ್ಯ' ಎಂದಿತ್ತು. ನಡುವಿನದು ಕೈಬರಹದ ಕನ್ನಡ ಪ್ರತಿ. ದುಂಡಗೆ, ಒಂದೇ ಅಳತೆಗೆ, ಸಾಲು ತಪ್ಪದ ಅಕ್ಷರದಲ್ಲಿ 'ಬೆಟ್ಟದ ಕಾಡು' ಎಂದು ಬರೆದಿತ್ತು.

ಅದು ಅಪ್ಪನ ಅಕ್ಷರ. ಪರಂಗಿಯವನು ಅವಳ ಗಂಡನ ಅಜ್ಜನ ಮೇಲಿನ ಪ್ರೀತಿಯಿಂದ ಹೊಲ ಎಂದು ಬರೆಸಿದವನಲ್ಲ. ಅವನಿಗೆ ಕಂದಾಯ ಬೇಕಿತ್ತು, ಹಾಗಾಗಿ ಹೊಲವನ್ನು ಹೊಲ ಎಂದೇ ಬರೆಸಿದ. ಕಾಡಿಗೆ ಬೇಲಿ ಹಾಕುವ ಕಾನೂನೂ ಅವನದೇ. ಆದರೆ ಅವನ ಪುಸ್ತಕದಲ್ಲಿ ಅವಳ ನೆಲ ಉಳಿದಿತ್ತು. ಕಳೆದದ್ದು ನಾವು, ಸ್ವತಂತ್ರರಾಗಿ, ನಮ್ಮ ಭಾಷೆಯಲ್ಲಿ, ಮುದ್ದಾದ ಅಕ್ಷರದಲ್ಲಿ. ಯಳಂದೂರಿನ ಕನ್ನಡದವರಾದ ಅಪ್ಪನಿಗೆ ಕಾಡು ಎಂದರೆ ಮರಗಿಡದ ಕಾಡೇ. ಅವರು ಯಾರನ್ನೂ ಕೇಳಲಿಲ್ಲ. ಹೊಲದ ಕಡೆ ಹೋಗಿ ನೋಡಲೂ ಇಲ್ಲ.

ಮನೆಗೆ ಬಂದು ಟ್ರಂಕಿನಿಂದ ಆ ನೋಟುಪುಸ್ತಕ ತೆಗೆದೆ. ಎಡಕ್ಕೆ ತಮಿಳಿನಲ್ಲಿ ಕಾಡು, ಬಲಕ್ಕೆ ಕನ್ನಡದಲ್ಲಿ ಕಾಡು. ಪಕ್ಕದಲ್ಲಿ 'ಎರಡರಲ್ಲೂ ಒಂದೇ!' ಎಂದು ಸಂತೋಷದಿಂದ ಬರೆದುಕೊಂಡಿದ್ದರು. ಪುಸ್ತಕ ಮುಚ್ಚಿ ಮತ್ತೆ ಟ್ರಂಕಿನಲ್ಲೇ ಇಟ್ಟೆ. ಅಪ್ಪನ ಹೆಸರು ಕಚೇರಿಯಲ್ಲಿ ಎಳೆದಾಡುವುದು ಬೇಡ, ತಮಿಳು ಹಾಳೆ ಒಂದೇ ಸಾಕು ಎಂದು ನನಗೆ ನಾನೇ ಹೇಳಿಕೊಂಡೆ.

ನೋಟೀಸಿನ ವಿರುದ್ಧ ಅವಳ ಹೆಸರಿನಲ್ಲಿ ಅರ್ಜಿ ಹಾಕಿಸಿದೆ. ವಿಚಾರಣೆಯ ದಿನ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಕೂರಿಸಿ ಅವಳಿಗೆ ಪಾಠ ಮಾಡಿದೆ.

"ಏನಿದೆ ಅಲ್ಲಿ ಅಂತ ಕೇಳ್ತಾರೆ. ಏನಂತೀಯ?"

"ಕಾ... ಒಲ."

"ಹೊಲ. ಕಾಡು ಅಂತ ಬಾಯಿ ತಪ್ಪಿನೂ ಅನ್ನಬೇಡ."

"ಆಯ್ತು ಬುಡಿ ಮೇಸ್ಟ್ರೇ, ಒಲ, ಒಲ, ಒಲ. ಈ ವಯಸ್ನಲ್ಲಿ ಮಗ್ಗಿ ಏಳ್ಸ್ತಾ ಇದೀರಲ್ಲ," ಎಂದು ನಕ್ಕಳು. ದಾರಿಯುದ್ದಕ್ಕೂ ಹೇಳಿಕೊಳ್ಳುತ್ತಲೇ ಬಂದಳು.

ಅಧಿಕಾರಿ ಚಿಕ್ಕ ವಯಸ್ಸಿನವರು, ಉತ್ತರದ ಜಿಲ್ಲೆಯವರು, ಒಳ್ಳೆಯ ಮನುಷ್ಯ. ಅವಳಿಗೆ ಕುರ್ಚಿ ಹಾಕಿಸಿದರು. ಅವಳು ಜನ್ಮದಲ್ಲಿ ಕಚೇರಿಯ ಕುರ್ಚಿಯಲ್ಲಿ ಕೂತವಳಲ್ಲ. ಅದರ ತುದಿಯಲ್ಲಿ ಕೂತು ಬೆವತಳು.

"ಆ ಜಾಗದೊಳಗ ಏನದ ಅಮ್ಮಾ?"

"ನಮ್ ಕಾಡದೆ ಸಾ," ಎಂದಳು. "ನಮ್ಮತ್ತೆ ಕಾಲ್ದಿಂದ್ಲೂ ಕಾಡೇಯ."

ಪಕ್ಕದವನು ಟೈಪು ಮಾಡಿದ. ನಾನು ಎದ್ದು ನಿಂತು, ಸಾರ್, ಈ ಕಡೆ ಕಾಡು ಅಂದರೆ ಹೊಲ ಎಂದೆ. ಅಧಿಕಾರಿ ನಕ್ಕರು. "ಮಾಸ್ತರ, ಕನ್ನಡ ನನಗೂ ಬರ್ತದರೀ." ತಮಿಳು ಹಾಳೆ ಮುಂದಿಟ್ಟೆ. ಅದಕ್ಕೆ ಸರ್ಕಾರದ ಕನ್ನಡ ಪ್ರತಿ ಇರುವಾಗ ಪ್ರತಿಯನ್ನೇ ನೋಡಬೇಕಾಗುತ್ತದೆ ಎಂದರು. ಆಮೇಲೆ, "ಪ್ರತಿ ಬರದವರು ತಪ್ಪ ಬರದಾರ ಅನ್ನಾಕ ಏನರ ಆಧಾರ ಅದ ಏನ್ರೀ?" ಎಂದು ಕೇಳಿದರು. ಕುಹಕದಿಂದ ಕೇಳಲಿಲ್ಲ, ತಿಳಿಯಬೇಕೆಂದೇ ಕೇಳಿದರು.

ಆಧಾರ ನನ್ನ ಟ್ರಂಕಿನಲ್ಲಿತ್ತು. ಒಂದು ಗಂಟೆ ಕೊಡಿ, ತರುತ್ತೇನೆ ಎಂದಿದ್ದರೆ ಅವರು ಕಾಯುತ್ತಿದ್ದರೇನೋ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಇಲ್ಲ ಎಂದೆ.

'ಸದರಿ ಜಾಗವು ಹಿಂದಿನಿಂದಲೂ ಕಾಡೇ ಎಂದು ಅರ್ಜಿದಾರರು ಸ್ವತಃ ಒಪ್ಪಿರುತ್ತಾರೆ' ಎಂದು ಆದೇಶ ಬಂತು. ಅದನ್ನು ಓದಿದ ದಿನವೇ ನೋಟುಪುಸ್ತಕ ಹಿಡಿದು ಓಡಿದೆ. ಆ ಅಧಿಕಾರಿಗೆ ವರ್ಗವಾಗಿತ್ತು. ಹೊಸಬರು ಎರಡು ಪುಟ ತಿರುವಿ, ಇದು ಖಾಸಗಿ ಪುಸ್ತಕ, ದಾಖಲೆ ಅಲ್ಲ ಎಂದು ಹಿಂದಕ್ಕೆ ತಳ್ಳಿದರು. ಮೇಲ್ಮನವಿಯೂ 'ಸ್ವತಃ ಒಪ್ಪಿರುತ್ತಾರೆ' ಎಂಬ ಅದೇ ಸಾಲಿನ ಮೇಲೆ ಬಿದ್ದುಹೋಯಿತು.

ಅವಳಿಗೆ ಎಲ್ಲವನ್ನೂ ಹೇಳಲು ಲೊಕ್ಕನಹಳ್ಳಿಗೆ ಹೋದೆ. ಪುಸ್ತಕ ಬಿಡಿಸಿ ತೋರಿಸಿದೆ. ಇದು ನಮ್ಮಪ್ಪ ಮಾಡಿದ ತಪ್ಪು, ಗೊತ್ತಿದ್ದೂ ನಾನು ಮುಚ್ಚಿಟ್ಟೆ, ಬೈಯಮ್ಮ ನನಗೆ ಎಂದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು.

"ನಂಗ್ ಓದಕ್ ಬರಲ್ಲ. ಆದ್ರೂ ಏಟ್ ಚೆಂದಾಗ್ ಬರ್ದವ್ರೆ ನಿಮ್ಮಪ್ಪೋರು," ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಈಗ ಅಟ್ಲಾಸ್ ತೆರೆಯಲು ನನಗೆ ಧೈರ್ಯವಿಲ್ಲ. ಅಪ್ಪ ಸರಿ ಗುರುತು ಹಾಕಿದ ಅಷ್ಟೂ ದೇಶಗಳಲ್ಲಿ ಯಾರೋ ಒಬ್ಬ ಮರ್ಯಾದಸ್ಥ ಗುಮಾಸ್ತ, ದೇಶದ ಮೇಲಿನ ಪ್ರೀತಿಯಿಂದಲೇ, ಯಾರದೋ ನೆಲವನ್ನು ಹೀಗೆ ಅಳಿಸಿರಬೇಕು. ಅವನ ಮಗ ನನ್ನ ಹಾಗೆ ಬಾಯಿ ಮುಚ್ಚಿಕೊಂಡಿರಬೇಕು. ಇದು ಸರಿಹೋಗುತ್ತದೆ ಎನ್ನುವವರು ಹೇಳಿಕೊಳ್ಳಲಿ, ನನಗೆ ನಂಬಿಕೆ ಉಳಿದಿಲ್ಲ.

ಮೊನ್ನೆ ಆ ಕಡೆ ಒಂದು ಮದುವೆಗೆ ಹೋಗಿದ್ದೆ. ಅವಳ ಮೂರು ಎಕರೆಯ ಸುತ್ತ ಕಂದಕ ತೋಡಿ, ಒಳಗೆ ಸಾಲಾಗಿ ಗಿಡ ನೆಟ್ಟಿದ್ದಾರೆ, ಮೊಳಕಾಲೆತ್ತರಕ್ಕೆ ಬಂದಿವೆ. ನೀರು ಹಾಕಲು ಕೂಲಿಗೆ ಅವಳನ್ನೇ ಇಟ್ಟುಕೊಂಡಿದ್ದಾರೆ. ದಾರಿಯಲ್ಲಿ ಕೊಡ ಹೊತ್ತು ಎದುರಿಗೆ ಸಿಕ್ಕಳು. ಚೆನ್ನಾಗಿದ್ದೀಯಾ ಎಂದೆ. ಇದ್ದೀನಿ ಎಂದಳು. ಎಲ್ಲಿಗೆ ಹೊರಟೆ ಎಂದು ಅಭ್ಯಾಸಬಲದಿಂದ ಕೇಳಿಬಿಟ್ಟೆ.

"ಕಾಡ್ಗ್ ಓಯ್ತೀನಿ ಮೇಸ್ಟ್ರೇ," ಎಂದಳು. ಈ ಸಲ ನಾನು ತಿದ್ದಲಿಲ್ಲ.