ಕಪ್ಪು ಹಚ್ಚಿದ ಕಣ್ಣು

ನಮ್ಮ ಮನೆಯವರು ಫೋಟೋಗ್ರಾಫರ್. ಇಪ್ಪತ್ತೆರಡು ವರ್ಷದಿಂದ ಶಾಲೆಗಳಿಗೆ ಹೋಗಿ ಮಕ್ಕಳ ಐಡಿ ಕಾರ್ಡಿನ ಫೋಟೋ ತೆಗೆಯುತ್ತಾರೆ. ದೊಡ್ಡ ಫ್ಲಾಶ್ ಕೆಟ್ಟು ಮೂರು ವರ್ಷವಾಯಿತು. ಸೊಂಟನೋವಿನ ಮನುಷ್ಯ, ಅದರ ಸ್ಟ್ಯಾಂಡು ಹೊತ್ತು ಸಾಕಾಗಿ ರಿಪೇರಿಯ ಮಾತನ್ನೇ ಬಿಟ್ಟರು. ಈಗ ಕ್ಯಾಮೆರಾದ ನೆತ್ತಿಯಿಂದ ಟಪ್ಪನೆ ಏಳುವ ಪುಟ್ಟ ಫ್ಲಾಶೇ ಗತಿ. ಶಾಲೆಯವರು ಕೊಡುವುದೋ ಕತ್ತಲೆ ಕೋಣೆ. ಫ್ಲಾಶ್ ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ಬೆಳಕು ನೇರ ಕಣ್ಣೊಳಗೆ ಹೊಕ್ಕು, ಮಕ್ಕಳ ಕಣ್ಣೆಲ್ಲ ಕೆಂಪು ಕೆಂಪಾಗಿ ಬರುತ್ತವೆ. ಮುಖ ಬಿಳುಚಿಕೊಂಡರೂ, ಗೋಡೆಯ ಮೇಲೆ ನೆರಳು ಬಿದ್ದರೂ ಇವರದು ಒಂದೇ ಮಾತು: "ಫ್ಲಾಶ್ ತಪ್ಪು, ನಂದಲ್ಲ." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಆ ಕೆಂಪನ್ನು ಕಪ್ಪು ಮಾಡುವ ಕರ್ಮ ನನ್ನದು. ಒಂದು ಶಾಲೆಗೆ ನಾನೂರು ಮಕ್ಕಳು, ಎಂಟುನೂರು ಕಣ್ಣು. ಕಂಪ್ಯೂಟರ್ ಮುಂದೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು ಒಂದೊಂದಕ್ಕೂ ಚುಕ್ಕಿ ಇಡಬೇಕು. ಸಾಕಪ್ಪಾ ಸಾಕು ಅನ್ನಿಸಿಬಿಡುತ್ತದೆ. ಸಂಜೆಯ ಹೊತ್ತಿಗೆ ಕತ್ತು ಹಿಡಿದು, ಅಡುಗೆ ಮಾಡಲೂ ಕೈ ಏಳುವುದಿಲ್ಲ.

ಈ ಸಲ ಪುಟ್ಟ ಮಕ್ಕಳ ತರಗತಿಯಲ್ಲಿ ಒಂದು ಹುಡುಗಿ. ನಾಲ್ಕು ವರ್ಷ, ಎರಡು ಜುಟ್ಟು. ಬಲಗಣ್ಣು ಎಲ್ಲರ ಹಾಗೆ ಕೆಂಪು, ಎಡಗಣ್ಣಿನ ಪಾಪೆ ಮಾತ್ರ ಹಾಲಿನಷ್ಟು ಬಿಳಿ. ನಾನು ಕಪ್ಪು ಹಚ್ಚಲು ಹೊರಟಿದ್ದೆ. ಹಿಂದೆ ಟೀ ಹಿಡಿದು ನಿಂತಿದ್ದ ಇವರು, "ತಡಿ, ಹಚ್ಬೇಡ. ಇವಳದ್ದು ಇನ್ನೆರಡು ತೆಗ್ದಿದೀನಿ, ತೋರ್ಸು" ಅಂದರು.

ಎರಡರಲ್ಲೂ ಅದೇ ಕಣ್ಣು, ಅದೇ ಬಿಳಿ.

"ಫ್ಲಾಶ್ ತಪ್ಪಾಗಿದ್ರೆ ಎಲ್ರಿಗೂ ಬರ್ಬೇಕಲ್ವೇನೇ? ಇವಳೊಬ್ಬಳಿಗೆ ಯಾಕೆ?"

ನನಗೆ ಆಗ ನೆನಪಾಯಿತು. "ರೀ, ಹೋದ ವರ್ಷಾನೂ ಇವಳಿಗೆ ಬಿಳಿ ಬಂದಿತ್ತು. ನಿಮ್ಮನ್ನ ಕೇಳ್ದೆ. ಫ್ಲಾಶ್ ತಪ್ಪು, ಕಪ್ಪು ಹಚ್ಚಿ ಮುಗ್ಸು ಅಂದ್ರಿ."

ಅವರು ಟೀ ಲೋಟ ಕೆಳಗಿಟ್ಟರು. ಮತ್ತೆ ಮುಟ್ಟಲಿಲ್ಲ.

ಆ ಮಧ್ಯಾಹ್ನವೇ ಇಬ್ಬರೂ ಶಾಲೆಗೆ ಹೋದೆವು. ಟೀಚರ್ ಮಗುವನ್ನು ಅಂಗಳಕ್ಕೆ ಕರೆತಂದರು. ಇವರು ಸೊಂಟ ಹಿಡಿದುಕೊಂಡು ಮಂಡಿಯೂರಿ, "ಬಾ ಪುಟ್ಟಿ, ಒಂದು ಆಟ ಆಡೋಣ" ಎಂದು ಅವಳ ಎಡಗಣ್ಣು ಮುಚ್ಚಿ ಬೆರಳು ತೋರಿಸಿದರು. "ಎರಡು!" ಎಂದಿತು ಮಗು. ಆಮೇಲೆ ಬಲಗಣ್ಣು ಮುಚ್ಚಿದರು. ಮಗು ಕೊಸರಾಡಿತು.

"ಅಂಕಲ್, ಲೈಟ್ ಹಾಕಿ."

ಸುಡು ಬಿಸಿಲಿನಲ್ಲಿ ನಿಂತಿದ್ದೆವು.

ಅವಳ ತಾಯಿ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗೆ ಗುಂಡಿ ಹಾಕುವವಳು. ಟೀಚರ್ ಫೋನ್ ಮಾಡಿದ್ದೇ ತಡ, ಓಡಿ ಬಂದಳು. ಕಣ್ಣಾಸ್ಪತ್ರೆಗೆ ನಾವೂ ಜೊತೆಗೆ ಹೋದೆವು. ಪರೀಕ್ಷೆ, ಸ್ಕ್ಯಾನು ಅಂತ ಮೂರು ದಿನ ಓಡಾಟ. "ಅಕ್ಕಾ, ನೀವಿಲ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ" ಎಂದು ಅವಳು ನನ್ನ ಕೈ ಹಿಡಿದಾಗಲೆಲ್ಲ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. ಹೇಳಿಬಿಡಬೇಕು ಅಂದುಕೊಂಡೆ, ಬಾಯೇ ಬರಲಿಲ್ಲ.

ಮೂರನೆಯ ದಿನ ಡಾಕ್ಟರು ಬಿಡಿಸಿ ಹೇಳಿದರು. "ಕಣ್ಣೊಳಗೆ ಕ್ಯಾನ್ಸರ್ ಗಡ್ಡೆ ಬೆಳೆದಿದೆ, ಫ್ಲಾಶ್ ಬೆಳಕಿಗೆ ಬಿಳಿಯಾಗಿ ಕಂಡಿದ್ದು ಅದೇ. ಬೇರೆಲ್ಲೂ ಹರಡಿಲ್ಲ, ಜೀವ ಉಳಿಸಬಹುದು. ಆದ್ರೆ ಈ ಕಣ್ಣು ತೆಗೀಲೇಬೇಕು. ಒಂದು ವರ್ಷ ಮೊದ್ಲು ಬಂದಿದ್ರೆ ಕಣ್ಣೂ ಉಳೀತಿತ್ತೇನೋ. ಹಳೇ ಫೋಟೋದಲ್ಲಿ ಹೀಗೆ ಬಿಳಿ ಕಂಡಿರ್ಲಿಲ್ವೇನಮ್ಮ?"

ತಾಯಿ ಪರ್ಸಿನಿಂದ ಹೋದ ವರ್ಷದ ಐಡಿ ಕಾರ್ಡ್ ತೆಗೆದು, ಸೆರಗಿನಿಂದ ಒರೆಸಿ ಮೇಜಿನ ಮೇಲಿಟ್ಟಳು. "ಇಲ್ಲ ಸಾರ್, ನೀವೇ ನೋಡಿ. ಎರಡು ಕಣ್ಣೂ ಚೆನ್ನಾಗೇ ಇತ್ತು."

ಇವರು ಎದ್ದು ನಿಂತರು. "ಫ್ಲಾಶ್ ಆವತ್ತೇ ತೋರ್ಸಿತ್ತಮ್ಮ," ಅಂದರು. "ಅಳಿಸಿದ್ದು ನಾವು. ಕಪ್ಪು ಹಚ್ಚು ಅಂತ ಹೇಳಿದ್ದು ನಾನೇ. ತಪ್ಪು ನಂದು."

"ಹಚ್ಚಿದವಳು ನಾನು," ಅಂದೆ.

ಅವಳು ಕಾರ್ಡನ್ನು ಮೇಜಿನ ಮೇಲೇ ಬಿಟ್ಟು, ಮಗುವನ್ನು ಎತ್ತಿಕೊಂಡು ಹೊರಗೆ ಹೋದಳು. ಮಗು ಮಾತ್ರ ಅವಳ ಹೆಗಲ ಮೇಲಿಂದ ನಮ್ಮಿಬ್ಬರಿಗೂ ಟಾಟಾ ಮಾಡಿತು.